ಹನ್ನೆರಡೂವರೆಯೋ, ಹನ್ನೆರಡೂವರೆ ಸಾವಿರವೋ

ಕುವೈತ್‌ನ ಅಂಗಡಿಯೊಂದರ ಬೆಲೆಚೀಟಿಯಲ್ಲಿ 12.500 ಎಂದು ಬರೆದಿದೆ ಎಂದುಕೊಳ್ಳಿ. ಅಲ್ಲಿ ದುಡಿಯಲು ಹೋಗಿ ನೆಲೆಸಿರುವ ನಮ್ಮ ಕರಾವಳಿಯವರಿಗೆ ಅದನ್ನು ಓದಲು ಕ್ಷಣವೂ ಬೇಡ. ಅದು ಹನ್ನೆರಡೂವರೆ ದಿನಾರ್. ಒಂದು ದಿನಾರ್‌ಗೆ ಸಾವಿರ ಫಿಲ್ಸ್, ಹಾಗಾಗಿ ಬಿಂದುವಿನ ಆಚೆ ಮೂರು ಅಂಕಿ. ಇದೇ ಆರು ಅಕ್ಷರಗಳು ಮ್ಯೂನಿಕ್‌ನ ಬ್ಯಾಂಕ್ ಕಾಗದದಲ್ಲಿ ಕಂಡರೆ ಅಲ್ಲಿನವರು ಅಷ್ಟೇ ಸಲೀಸಾಗಿ ಹನ್ನೆರಡೂವರೆ ಸಾವಿರ ಎಂದು ಓದುತ್ತಾರೆ. ಜರ್ಮನಿಯಲ್ಲಿ ಸಾವಿರವನ್ನು ಬೇರ್ಪಡಿಸುವುದು ಬಿಂದು, ದಶಮಾಂಶವನ್ನು ಗುರುತಿಸುವುದು ಕಾಮಾ. ಬೆಂಗಳೂರಿನ ಲೆಕ್ಕಿಗರ ಮುಂದೆ ಇಟ್ಟರೆ ಹನ್ನೆರಡು ರೂಪಾಯಿ ಐವತ್ತು ಪೈಸೆ ಎಂದುಕೊಂಡು, ಕೊನೆಯ ಸೊನ್ನೆ ಯಾಕೆ ಬಂತು ಎಂದು ಹುಬ್ಬು ಗಂಟಿಕ್ಕುತ್ತಾರೆ.

ಮೂವರೂ ಸರಿಯಾಗಿಯೇ ಓದಿದ್ದಾರೆ. ಬರೆದವರು ಯಾವ ಊರಿನ ಪದ್ಧತಿಯಲ್ಲಿ ಬರೆದರು ಎಂಬುದು ಆ ಆರು ಅಕ್ಷರಗಳ ಒಳಗೆ ಎಲ್ಲೂ ಇಲ್ಲ. ಮನುಷ್ಯರು ಅದನ್ನು ಸುತ್ತಲಿನ ಸಂದರ್ಭದಿಂದ ತುಂಬಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಸಂದರ್ಭವನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡುವ ಹೊಣೆಯನ್ನು ಪ್ರೋಗ್ರಾಮಿಂಗ್ ಭಾಷೆಗಳ ಸ್ಟ್ಯಾಂಡರ್ಡ್ ಲೈಬ್ರರಿಗಳು, ಅಂದರೆ ಭಾಷೆಯ ಜೊತೆಯಲ್ಲೇ ಬರುವ ಸಿದ್ಧ ಸಲಕರಣೆಗಳು, ಎಷ್ಟರ ಮಟ್ಟಿಗೆ ಹೊತ್ತುಕೊಂಡಿವೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಯಂತ್ರದೊಳಗಿನ ಸಂಖ್ಯೆಯನ್ನು ಹಣದ ರೂಪದಲ್ಲಿ ಬರೆದು ತೋರಿಸುವುದು ಒಂದು ಕೆಲಸ. ಬರೆದಿರುವ ಹಣವನ್ನು ಓದಿ, ಬಿಡಿಸಿ, ಸಂಖ್ಯೆಯಾಗಿ ಮಾಡಿಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ಪ್ರೋಗ್ರಾಮರುಗಳು ಪಾರ್ಸಿಂಗ್ ಎನ್ನುತ್ತಾರೆ. ಬರೆಯುವಾಗ ನಾವೇ ಯಜಮಾನರು, ಒಂದು ಪದ್ಧತಿ ಆರಿಸಿಕೊಂಡು ಅದರಂತೆ ನಡೆದರಾಯಿತು. ಓದುವಾಗ ಎದುರಿನವರು ಏನನ್ನು ಹೇಗೆ ಬರೆದಿರುತ್ತಾರೋ ಅದಕ್ಕೆಲ್ಲ ತಯಾರಾಗಿರಬೇಕು. ಬಹುಪಾಲು ಭಾಷೆಗಳು ಮೊದಲನೆಯದನ್ನು ಮಾಡಿಕೊಟ್ಟು ಎರಡನೆಯದರಿಂದ ದೂರ ಉಳಿದಿವೆ. ಜಾವಾಸ್ಕ್ರಿಪ್ಟ್‌ಗೆ ಇಂಟ್ಲ್ ಎಂಬ ಭಾಗ 2012ರಲ್ಲಿ ಬಂತು. ಅದು ಹತ್ತಾರು ದೇಶಗಳ ಪದ್ಧತಿಯಲ್ಲಿ ಹಣವನ್ನು ಬರೆಯುತ್ತದೆ, ಆದರೆ ಓದುವುದಿಲ್ಲ. ಪೈಥಾನ್‌ನ ಲೊಕೇಲ್ ಮಾಡ್ಯೂಲಿನಲ್ಲಿ ಕರೆನ್ಸಿ ಎಂಬ ಫಂಕ್ಷನ್ ಇದೆ, ಅದೂ ಬರೆಯುವುದಕ್ಕಷ್ಟೇ.

ಓದುವ ಕೆಲಸವನ್ನು ಸ್ಟ್ಯಾಂಡರ್ಡ್ ಲೈಬ್ರರಿಯ ಒಳಗೇ ತಂದ ಭಾಷೆಗಳಲ್ಲಿ ಸಿ++ ಒಂದು. ಅದರ ಕಥೆ ಸಿ ಭಾಷೆಯಿಂದ ಆರಂಭವಾಗುತ್ತದೆ.

1989ರಲ್ಲಿ ಸಿ ಭಾಷೆಗೆ ಮೊದಲ ಅಧಿಕೃತ ಮಾನಕ ಸಿದ್ಧವಾದಾಗ ಅದರಲ್ಲಿ ಲೊಕೇಲ್‌ಕಾನ್ವ್ ಎಂಬ ಫಂಕ್ಷನ್ ಇತ್ತು. ಲೊಕೇಲ್ ಎಂದರೆ ಒಂದು ಭಾಷೆ, ಒಂದು ಪ್ರದೇಶ ಸೇರಿ ಆಗುವ ರೂಢಿಗಳ ಕಟ್ಟು. ಕನ್ನಡ–ಭಾರತ ಒಂದು ಲೊಕೇಲ್, ಜರ್ಮನ್–ಸ್ವಿಟ್ಜರ್ಲೆಂಡ್ ಇನ್ನೊಂದು. ಲೊಕೇಲ್‌ಕಾನ್ವ್ ಆ ಕಟ್ಟಿನಿಂದ ಹಣದ ರೂಢಿಗಳನ್ನು ತೆಗೆದುಕೊಡುತ್ತಿತ್ತು: ಕರೆನ್ಸಿ ಚಿಹ್ನೆ ಯಾವುದು, ದಶಮಾಂಶದ ಗುರುತು ಯಾವುದು, ಚಿಹ್ನೆ ಮೊದಲೋ ಮೊತ್ತ ಮೊದಲೋ, ನಡುವೆ ಜಾಗ ಬೇಕೋ ಬೇಡವೋ, ಋಣ ಚಿಹ್ನೆ ಎಲ್ಲಿ ಕೂರಬೇಕು.

ಆ ಮಾನಕದಲ್ಲಿ ನಾಲ್ಕು ದೇಶಗಳ ಉದಾಹರಣೆ ಕೊಟ್ಟಿದ್ದರು. ಇಟಲಿಯ ಲೀರಾಕ್ಕೆ ಚಿಹ್ನೆಯ ಅಂಗವಾಗಿಯೇ ಒಂದು ಬಿಂದು, ಸಾವಿರಕ್ಕೆ ಇನ್ನೊಂದು ಬಿಂದು, ದಶಮಾಂಶ ಇಲ್ಲವೇ ಇಲ್ಲ. ನೆದರ್ಲೆಂಡ್ಸ್‌ನ ಗಿಲ್ಡರ್‌ನಲ್ಲಿ ಋಣ ಚಿಹ್ನೆ ಕರೆನ್ಸಿಗೂ ಮೊತ್ತಕ್ಕೂ ನಡುವೆ. ನಾರ್ವೆಯ ಕ್ರೋನೆಯಲ್ಲಿ ಅದು ಎಲ್ಲಕ್ಕಿಂತ ಕೊನೆಗೆ. ಸ್ವಿಸ್ ಫ್ರಾಂಕ್‌ನಲ್ಲಿ ಋಣ ಚಿಹ್ನೆಯ ಬದಲು ಕೊನೆಯಲ್ಲಿ ಸಿ ಎಂಬ ಅಕ್ಷರ. ಈ ನಾಲ್ಕೂ ಯುರೋಪಿನ ದೇಶಗಳು, ಹತ್ತಿರ ಹತ್ತಿರದವು, ಆದರೂ ಒಂದರ ಹಾಗೆ ಇನ್ನೊಂದಿಲ್ಲ. ಇವುಗಳಲ್ಲಿ ಲೀರಾ, ಗಿಲ್ಡರ್ ಎರಡೂ 2002ರಲ್ಲಿ ಚಲಾವಣೆಯಿಂದ ಹೋದವು. ಅಂದರೆ ಲೈಬ್ರರಿಯೊಳಗಿನ ಈ ಮಾಹಿತಿ ಒಮ್ಮೆ ಬರೆದಿಟ್ಟು ಮರೆಯುವಂಥದ್ದಲ್ಲ. ದೇಶಗಳು ನಾಣ್ಯ ಬದಲಿಸಿದಂತೆ ಅದೂ ಬದಲಾಗುತ್ತಿರಬೇಕು.

ಸಿ ಭಾಷೆಯವರ ಒಂದು ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ. ಅಂಕಿಗಳನ್ನು ಎಷ್ಟೆಷ್ಟರ ಗುಂಪಾಗಿ ಬಿಡಿಸಬೇಕು ಎಂಬುದನ್ನು ಅವರು ಮೂರು ಎಂದು ಗಟ್ಟಿ ಮಾಡಲಿಲ್ಲ. ಬಲದಿಂದ ಎಡಕ್ಕೆ ಗುಂಪುಗಳ ಅಳತೆಯನ್ನು ಒಂದು ಸಾಲಾಗಿ ಬರೆಯಬಹುದು, ಸಾಲು ಮುಗಿದ ಮೇಲೆ ಕೊನೆಯ ಅಳತೆಯೇ ಮರುಕಳಿಸುತ್ತದೆ. ಅಮೆರಿಕಕ್ಕೆ ಬರೀ 3 ಸಾಕು. ಭಾರತಕ್ಕೆ 3, ಆಮೇಲೆ 2. ಮೊದಲು ಮೂರಂಕಿಯ ಒಂದು ಗುಂಪು, ಅಲ್ಲಿಂದಾಚೆ ಎರಡೆರಡು: 12,34,567. ಲಕ್ಷ, ಕೋಟಿಯ ಎಣಿಕೆಯೆಲ್ಲ ಎರಡು ಬೈಟ್‌ಗಳಲ್ಲಿ ಅಡಗಿತು. ಇದೇ ಔದಾರ್ಯ ಎಲ್ಲ ಕಡೆ ಸಿಗಲಿಲ್ಲ. ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಎಂಬ ಸಲಕರಣೆ ಒಂದೇ ಒಂದು ಗುಂಪಿನ ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ಮಾದರಿಯಲ್ಲಿ ಎಷ್ಟೇ ಕಾಮಾ ಹಾಕಿಕೊಟ್ಟರೂ ಬಲಗಡೆಯ ಕೊನೆಯ ಗುಂಪನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಭಾರತದ ಲೊಕೇಲ್ ಕೊಟ್ಟರೂ ಅದು ಹನ್ನೆರಡು ಲಕ್ಷವನ್ನು ಮಿಲಿಯನ್ನಿನ ಲೆಕ್ಕದಲ್ಲಿ 1,234,567 ಎಂದೇ ಬರೆಯುತ್ತದೆ. ಭಾರತದ ಗ್ರಾಹಕರಿಗೆ ಬಿಲ್ಲು ಕೊಡುವ ಜಾವಾ ಪ್ರೋಗ್ರಾಮರುಗಳು ಇದಕ್ಕಾಗಿ ಹೊರಗಿನ ಲೈಬ್ರರಿ ತರಬೇಕಾಗುತ್ತದೆ. ನೂರಾರು ಕೋಟಿ ಜನರ ಎಣಿಕೆಯ ಪದ್ಧತಿಯನ್ನು ಹೊರಗಿಟ್ಟದ್ದು ಸಣ್ಣ ಲೋಪವಲ್ಲ.

ಸಿ ಭಾಷೆ ರೂಢಿಗಳನ್ನು ತಿಳಿಸಿತಷ್ಟೇ, ಹಣವನ್ನು ಓದಿಕೊಡಲಿಲ್ಲ. ಆ ಹೆಜ್ಜೆಯನ್ನಿಟ್ಟದ್ದು 1998ರ ಸಿ++ ಮಾನಕ. ಅದರ ಮನಿ-ಗೆಟ್ ಎಂಬ ಸಲಕರಣೆ ಬರೆದ ಹಣವನ್ನು ಅಕ್ಷರ ಅಕ್ಷರವಾಗಿ ನುಂಗುತ್ತಾ ಮೊತ್ತವನ್ನು ಹೊರತೆಗೆಯುತ್ತದೆ. 2011ರಲ್ಲಿ ಗೆಟ್-ಮನಿ ಎಂಬ ಸುಲಭ ಹೆಸರಿನ ಮುಖವಾಡವೂ ಅದಕ್ಕೆ ಬಂತು.

ಅದು ಕೆಲಸ ಮಾಡುವ ರೀತಿ ಹೀಗೆ. ಜಗತ್ತಿನ ಯಾವುದೇ ದೇಶದ ಹಣದ ಬರಹವೂ ನಾಲ್ಕು ಮನೆಗಳ ಸಾಲು ಎಂದು ಅದು ನಂಬುತ್ತದೆ. ಒಂದು ಮನೆಯಲ್ಲಿ ಕರೆನ್ಸಿ ಚಿಹ್ನೆ, ಒಂದರಲ್ಲಿ ಧನ ಅಥವಾ ಋಣದ ಗುರುತು, ಒಂದರಲ್ಲಿ ಮೊತ್ತ, ಉಳಿದ ಒಂದರಲ್ಲಿ ಖಾಲಿ ಜಾಗ ಅಥವಾ ಏನೂ ಇಲ್ಲ. ಈ ನಾಲ್ಕನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬುದನ್ನು ಲೊಕೇಲ್ ಹೇಳುತ್ತದೆ. ಓದುವಾಗ ಮನಿ-ಗೆಟ್ ಮನೆಯಿಂದ ಮನೆಗೆ ಸಾಗುತ್ತದೆ. ಜಾಗ ಎಂದಿದ್ದರೆ ಕನಿಷ್ಠ ಒಂದಾದರೂ ಖಾಲಿ ಅಕ್ಷರ ಇರಲೇಬೇಕು. ಏನೂ ಇಲ್ಲ ಎಂದಿದ್ದರೆ, ಅದು ಕೊನೆಯ ಮನೆಯಲ್ಲದಿದ್ದಲ್ಲಿ, ಜಾಗ ಇದ್ದರೂ ಕ್ಷಮಿಸಿ ಮುಂದೆ ಹೋಗುತ್ತದೆ.

ಋಣದ ಗುರುತನ್ನು ಓದುವ ಬಗೆಯಲ್ಲಿ ಒಂದು ಜಾಣ್ಮೆ ಇದೆ. ಲೆಕ್ಕಪತ್ರ ಬರೆಯುವವರು ನಷ್ಟವನ್ನು ಕಂಸದೊಳಗೆ ಬರೆಯುವುದನ್ನು ನೀವು ನೋಡಿರುತ್ತೀರಿ: (1,250.00). ಗುರುತು ಒಂದೇ ಕಡೆ ಕೂರುವುದಾದರೆ ನಾಲ್ಕು ಮನೆ ಸಾಕು, ಇಲ್ಲಿ ಅದು ಎರಡೂ ತುದಿಯಲ್ಲಿದೆಯಲ್ಲ? ಸಿ++ನವರು ಋಣದ ಗುರುತು ಒಂದಕ್ಷರಕ್ಕಿಂತ ಉದ್ದ ಇರಬಹುದು ಎಂದು ಒಪ್ಪಿಕೊಂಡರು. ಮೊದಲ ಅಕ್ಷರ ಗುರುತಿನ ಮನೆಯಲ್ಲಿ ಕೂರುತ್ತದೆ, ಉಳಿದದ್ದು ಎಲ್ಲ ಮುಗಿದ ಮೇಲೆ ಬರುತ್ತದೆ. ಗುರುತು ತೆರೆದ ಕಂಸ, ಮುಚ್ಚಿದ ಕಂಸ ಎಂಬ ಎರಡು ಅಕ್ಷರ ಎಂದು ಹೇಳಿಬಿಟ್ಟರೆ ಲೆಕ್ಕಿಗರ ಪದ್ಧತಿ ತಾನಾಗಿಯೇ ಒದಗುತ್ತದೆ.

ಅಂತರರಾಷ್ಟ್ರೀಯ ಬರಹಕ್ಕೆ ಬಂದಾಗ ತೊಡಕು ಹೆಚ್ಚುತ್ತದೆ. ಡಾಲರ್ ಚಿಹ್ನೆಯನ್ನು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ ಎಲ್ಲವೂ ಬಳಸುತ್ತವೆ. ¥ ಜಪಾನಿನ ಯೆನ್ನಿಗೂ ಚೀನಾದ ಯುವಾನಿಗೂ ಸಲ್ಲುತ್ತದೆ. ರೂಪಾಯಿ ಎಂಬ ಹೆಸರು ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್‌ಗೆ ಸಮಾನ. ಈ ಗೊಂದಲ ತಪ್ಪಿಸಲೆಂದೇ 1978ರಲ್ಲಿ ಐಎಸ್ಒ 4217 ಎಂಬ ಮಾನಕ ಬಂತು. ಪ್ರತಿ ಕರೆನ್ಸಿಗೂ ಮೂರಕ್ಷರದ ಸಂಕೇತ, ಸಾಮಾನ್ಯವಾಗಿ ಮೊದಲೆರಡು ದೇಶದ್ದು, ಮೂರನೆಯದು ನಾಣ್ಯದ್ದು: ಐಎನ್ಆರ್, ಯುಎಸ್‌ಡಿ, ಕೆಡಬ್ಲ್ಯುಡಿ. ಸಿ ಭಾಷೆ ಈ ಮೂರಕ್ಷರದ ಜೊತೆ ನಾಲ್ಕನೆಯ ಅಕ್ಷರವನ್ನೂ ಅಂಟಿಸಿತು. ಸಂಕೇತಕ್ಕೂ ಮೊತ್ತಕ್ಕೂ ನಡುವೆ ಬರಬೇಕಾದ ವಿಭಜಕ ಅದು, ಹೆಚ್ಚಾಗಿ ಒಂದು ಖಾಲಿ ಜಾಗ. ಸಿ++ನ ನಾಲ್ಕು ಮನೆಗಳಲ್ಲಿ ಜಾಗಕ್ಕೆ ಬೇರೆಯೇ ಮನೆಯಿದೆ. ಹಾಗಾದರೆ ಐಎನ್ಆರ್ ಆದ ಮೇಲೆ ಬರುವ ಆ ಒಂದು ಜಾಗ ಚಿಹ್ನೆಗೆ ಸೇರಿದ್ದೋ, ಜಾಗದ ಮನೆಗೆ ಸೇರಿದ್ದೋ? ಲೈಬ್ರರಿ ಬರೆಯುವವರು ಇದಕ್ಕಾಗಿಯೇ ಪ್ರತ್ಯೇಕ ಸಾಲುಗಳನ್ನು ಬರೆಯಬೇಕಾಯಿತು. ದೇಶದೊಳಗಿನ ಬರಹಕ್ಕೂ ಅಂತರರಾಷ್ಟ್ರೀಯ ಬರಹಕ್ಕೂ ಚಿಹ್ನೆಯ ಸ್ಥಾನ ಬೇರೆಯಿರಬಹುದು ಎಂಬುದು ಸಿ ಭಾಷೆಯಲ್ಲಿ ದಾಖಲಾದದ್ದೂ ತಡವಾಗಿ. 1999ರ ಮಾನಕ ಅದಕ್ಕಾಗಿ ಆರು ಹೊಸ ಮಾಹಿತಿಗಳನ್ನು ಸೇರಿಸಿತು.

ಈಗ ನಿಜಕ್ಕೂ ಕಾಡುವ ಎರಡು ಸಂಗತಿಗಳಿಗೆ ಬರೋಣ.

ಮೊದಲನೆಯದು ಚಿಹ್ನೆ ಕೊನೆಯಲ್ಲಿದ್ದಾಗ ಆಗುವುದು. ಚಿಹ್ನೆ ಕಡ್ಡಾಯ ಎಂದು ಪ್ರೋಗ್ರಾಮರು ಸೂಚಿಸದಿದ್ದರೆ ಮನಿ-ಗೆಟ್ ಅದನ್ನು ಐಚ್ಛಿಕ ಎಂದು ತಿಳಿಯುತ್ತದೆ, ಮುಂದೆ ಓದಲು ಬೇರೇನಾದರೂ ಬಾಕಿ ಇದ್ದರೆ ಮಾತ್ರ ಚಿಹ್ನೆಯನ್ನು ನುಂಗುತ್ತದೆ. ಅಮೆರಿಕದ $ ಮೊದಲು ಬರುವುದರಿಂದ ತೊಂದರೆಯಿಲ್ಲ. ಜರ್ಮನಿಯ ಬರಹದಲ್ಲಿ ಯುರೋ ಚಿಹ್ನೆ ಕೊನೆಗೆ ಬರುತ್ತದೆ, ಅದರಾಚೆ ಏನೂ ಬಾಕಿಯಿಲ್ಲ. ಮನಿ-ಗೆಟ್ ಮೊತ್ತವನ್ನು ಓದಿ, ಯಶಸ್ವಿಯಾಯಿತು ಎಂದು ವರದಿ ಮಾಡಿ, ಯುರೋ ಚಿಹ್ನೆಯನ್ನು ಅಲ್ಲೇ ಬಿಟ್ಟು ಎದ್ದು ಬರುತ್ತದೆ. ಮುಂದಿನ ಮೊತ್ತ ಓದಲು ಹೋದವರಿಗೆ ಬಾಗಿಲಲ್ಲೇ ಆ ಚಿಹ್ನೆ ಅಡ್ಡ ಸಿಗುತ್ತದೆ. ಅಮೆರಿಕದಲ್ಲಿ ಕೂತು ಪರೀಕ್ಷಿಸಿದ ಪ್ರೋಗ್ರಾಂ ಜರ್ಮನಿಯಲ್ಲಿ ಕೆಡುವುದು ಹೀಗೆ. ನಿಯಮ ಮಾನಕದಲ್ಲೇ ಇದೆ, ಲೈಬ್ರರಿ ಅದನ್ನು ನಿಷ್ಠೆಯಿಂದ ಪಾಲಿಸಿದೆ.

ಎರಡನೆಯದು ಇನ್ನೂ ಗಂಭೀರ. ಮನಿ-ಗೆಟ್ ಕೊಡುವ ಉತ್ತರ ಡಾಲರಿನಲ್ಲಲ್ಲ, ಸೆಂಟಿನಲ್ಲಿ, ರೂಪಾಯಿಯಲ್ಲಲ್ಲ, ಪೈಸೆಯಲ್ಲಿ. $1,234.56 ಓದಿದರೆ 123456 ಬರುತ್ತದೆ. ಇದು ಒಳ್ಳೆಯ ನಿರ್ಧಾರ. ಯಾಕೆಂದರೆ ಕಂಪ್ಯೂಟರಿನ ಸಾಮಾನ್ಯ ಫ್ಲೋಟಿಂಗ್ ಸಂಖ್ಯೆಗಳು ಎರಡರ ಘಾತಗಳಿಂದ ಕಟ್ಟಿದವು, ಹತ್ತನೆಯ ಒಂದು ಭಾಗವನ್ನೂ ಕರಾರುವಾಕ್ಕಾಗಿ ಹಿಡಿದಿಡಲಾರವು. 4.35 ಅನ್ನು 100ರಿಂದ ಗುಣಿಸಿ ನೋಡಿ, 435ರ ಬದಲು 434.99999999999994 ಬರುತ್ತದೆ. ಚಿಲ್ಲರೆ ಭಾಗವನ್ನು ಕತ್ತರಿಸಿ ಪೂರ್ಣಾಂಕ ಮಾಡಿದರೆ ಒಂದು ಪೈಸೆ ಮಾಯ. ಮೊದಲಿಂದಲೂ ಪೈಸೆಯಲ್ಲೇ ಎಣಿಸಿದರೆ ಈ ಸೋರಿಕೆಯಿಲ್ಲ.

ಆದರೆ ಬರೆದವರು ದಶಮಾಂಶ ಬಿಂದುವನ್ನೇ ಹಾಕದೆ $12 ಎಂದು ಬರೆದಿದ್ದರೆ? ಜಿಸಿಸಿ ಎಂಬ ಕಂಪೈಲರಿನ ಜೊತೆ ಬರುವ ಸಿ++ ಲೈಬ್ರರಿ ಸಿಕ್ಕ ಅಂಕಿಗಳನ್ನು ಹಾಗೇ ಜೋಡಿಸಿ 12 ಎಂದು ಕೊಡುತ್ತದೆ. ಉತ್ತರ ಸೆಂಟಿನಲ್ಲಿರುವುದರಿಂದ ಹನ್ನೆರಡು ಡಾಲರ್ ಇದ್ದದ್ದು ಹನ್ನೆರಡು ಸೆಂಟಾಯಿತು. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರಿನ ಬಳಗದ ಲೈಬ್ರರಿ ಅದೇ ಬರಹವನ್ನು ಕಂಡು, ಬಿಂದು ಇಲ್ಲ, ಓದಲಾರೆ ಎಂದು ನಿರಾಕರಿಸುತ್ತದೆ. ಒಂದೇ ಭಾಷೆ, ಒಂದೇ ಮಾನಕ, ಒಂದೇ ಬರಹ, ಎರಡು ವರ್ತನೆ. ನನ್ನ ಮಟ್ಟಿಗೆ ಎರಡನೆಯದೇ ಸರಿ. ಓದಲಾರೆ ಎಂದವರನ್ನು ಮತ್ತೆ ಕೇಳಬಹುದು, ನೂರು ಪಟ್ಟು ತಪ್ಪಾಗಿ ಓದಿ ಸುಮ್ಮನಿದ್ದವರನ್ನು ಹಿಡಿಯಲು ವರ್ಷಾಂತ್ಯದ ಲೆಕ್ಕ ತಪಾಸಣೆಯೇ ಬೇಕಾಗುತ್ತದೆ.

ಅತಿ ಸಣ್ಣ ನಾಣ್ಯದಲ್ಲಿ ಎಣಿಸಬೇಕೆಂದರೆ ಆ ಸಣ್ಣ ನಾಣ್ಯ ಯಾವುದೆಂದು ಗೊತ್ತಿರಬೇಕು. ಐಎಸ್ಒ ಪಟ್ಟಿಯಲ್ಲಿ ಅದೂ ಇದೆ. ರೂಪಾಯಿ, ಡಾಲರ್, ಯುರೋಗಳಿಗೆ ಎರಡು ದಶಮಾಂಶ ಸ್ಥಾನ. ಯೆನ್ನಿಗೆ ಒಂದೂ ಇಲ್ಲ. ಕುವೈತ್, ಬಹರೇನ್‌ಗಳ ದಿನಾರ್‌ಗೆ, ಒಮಾನಿನ ರಿಯಾಲ್‌ಗೆ ಮೂರು. ಮಡಗಾಸ್ಕರ್‌ನ ಅರಿಯರಿ ಈ ಲೆಕ್ಕಕ್ಕೇ ಬಗ್ಗುವುದಿಲ್ಲ. ಒಂದು ಅರಿಯರಿಗೆ ಐದು ಇರೈಂಬಿಲಂಜಾ, ಹತ್ತರ ಲೆಕ್ಕವೇ ಅಲ್ಲ. ಪಟ್ಟಿ ಅದಕ್ಕೂ ಎರಡು ಸ್ಥಾನ ಎಂದು ಬರೆದುಕೊಂಡು ಹೇಗೋ ಹೊಂದಿಸಿಕೊಂಡಿದೆ. ರೂಪಾಯಿಗೆ ನೂರು ಪೈಸೆ ಎಂದು ಕೋಡಿನಲ್ಲಿ ನೇರವಾಗಿ ಬರೆದುಬಿಟ್ಟ ಪ್ರೋಗ್ರಾಂ ಕುವೈತ್‌ನಿಂದ ಬಂದ ಹಣವನ್ನು ಹತ್ತು ಪಟ್ಟು, ಜಪಾನಿನಿಂದ ಬಂದದ್ದನ್ನು ನೂರು ಪಟ್ಟು ತಪ್ಪಿಸುತ್ತದೆ.

ಇಂಥ ಹತ್ತರದ್ದಲ್ಲದ ಲೆಕ್ಕ ನಮಗೇನು ಹೊಸತಲ್ಲ. 1957ರ ಏಪ್ರಿಲ್ 1ಕ್ಕೆ ಮುಂಚೆ ನಮ್ಮ ರೂಪಾಯಿಗೆ ಹದಿನಾರು ಆಣೆ, ನೂರ ತೊಂಬತ್ತೆರಡು ಪೈ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ರೂಪಾಯಿ, ಆಣೆ, ಪೈ ಮೂರಕ್ಕೂ ಬೇರೆ ಬೇರೆ ಅಂಕಣ. ಬ್ರಿಟನ್ನಿನಲ್ಲಿ 1971ರ ಫೆಬ್ರವರಿ 15ರವರೆಗೂ ಪೌಂಡಿಗೆ ಇಪ್ಪತ್ತು ಶಿಲಿಂಗ್, ಶಿಲಿಂಗಿಗೆ ಹನ್ನೆರಡು ಪೆನ್ಸ್. ನಾಲ್ಕು ಮನೆಯ ಸಾಲಿನಲ್ಲಿ ಮೊತ್ತಕ್ಕೆ ಒಂದೇ ಮನೆ ಇರುವುದರಿಂದ ಆ ಹಣವನ್ನು ಮನಿ-ಗೆಟ್ ಓದಲಾರದು. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವವರು ಓದುವ ಪ್ರೋಗ್ರಾಂ ಅನ್ನು ತಾವೇ ಬರೆದುಕೊಳ್ಳಬೇಕು.

ಕನ್ನಡದ ಬರಹದಲ್ಲೇ ಇರುವ ಒಂದು ಬಲೆಯನ್ನು ಇಲ್ಲಿ ಹೇಳಲೇಬೇಕು. ನಾವು ರೂ.500 ಎಂದು ಬರೆಯುತ್ತೇವೆ. ಆ ಬಿಂದು ರೂಪಾಯಿ ಎಂಬ ಪದವನ್ನು ಮೊಟಕು ಮಾಡಿದ್ದರ ಗುರುತು, ಇಟಲಿಯ ಲೀರಾಕ್ಕಿದ್ದಂಥದ್ದೇ. ಅವಸರದ ಪ್ರೋಗ್ರಾಮರುಗಳು ಹಣ ಓದಲು ಹಿಡಿಯುವ ಅಡ್ಡದಾರಿಯೆಂದರೆ ಅಂಕಿ ಮತ್ತು ಬಿಂದು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಹಾಕುವುದು. ರೂ.500 ಹಾಗೆ ಅಳಿಸಿದರೆ ಉಳಿಯುವುದು .500. ಐನೂರು ರೂಪಾಯಿ ಎಂಟಾಣೆಯಾಯಿತು. ನಾವು ಚೆಕ್ಕು, ರಸೀದಿಗಳಲ್ಲಿ ಮೊತ್ತದ ಮುಂದೆ ಎಳೆಯುವ ಓರೆಗೆರೆ, ಅಡ್ಡಗೆರೆ, ಅಂದರೆ 500/- ಎಂಬ ಮುಚ್ಚುಗೆರೆಯೂ ಓದುವ ಪ್ರೋಗ್ರಾಂಗೆ ಅಪರಿಚಿತ ಅಕ್ಷರ. 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿದ, ಉದಯ ಕುಮಾರ್ ವಿನ್ಯಾಸದ ₹ ಚಿಹ್ನೆ ಅದೇ ವರ್ಷದ ಅಕ್ಟೋಬರಿನಲ್ಲಿ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಮಾನಕದ 6.0 ಆವೃತ್ತಿಯನ್ನು ಸೇರಿತು. ಅದರಲ್ಲಿ ಬಿಂದು ಇಲ್ಲ, ಹಾಗಾಗಿ ಈ ಬಲೆಯೂ ಇಲ್ಲ. ಆದರೆ ಜನ ರೂ. ಎಂದು ಬರೆಯುವುದನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಓದುವ ಯಂತ್ರ ಜನರ ರೂಢಿಗೆ ಹೊಂದಿಕೊಳ್ಳಬೇಕು.

ಕನ್ನಡ ಅಂಕಿಗಳ ವಿಷಯದಲ್ಲಿ ಜಾವಾ ಮತ್ತು ಪೈಥಾನ್ ಎರಡೂ ಮೆಚ್ಚುಗೆಗೆ ಅರ್ಹ. ಯೂನಿಕೋಡ್ ದಶಮಾಂಶ ಅಂಕಿ ಎಂದು ಗುರುತಿಸಿದ ಯಾವ ಲಿಪಿಯ ಅಂಕಿಯನ್ನಾದರೂ ಅವು ಸಂಖ್ಯೆಯಾಗಿ ಓದುತ್ತವೆ. ಪೈಥಾನ್‌ಗೆ ೧೨೫ ಕೊಟ್ಟು ಪೂರ್ಣಾಂಕ ಮಾಡು ಎಂದರೆ ತಡವರಿಸದೆ ನೂರ ಇಪ್ಪತ್ತೈದು ಎನ್ನುತ್ತದೆ. ಸಿ++ನ ಮನಿ-ಗೆಟ್ 0ಯಿಂದ 9ರವರೆಗಿನ ಹತ್ತು ಅಂಕಿಗಳನ್ನು ಮಾತ್ರ ಬಲ್ಲದು. ಅದು ರೂಪುಗೊಂಡದ್ದು ಒಂದು ಅಕ್ಷರ ಎಂದರೆ ಒಂದು ಬೈಟ್ ಎಂಬ ಕಾಲದಲ್ಲಿ. ಅದರ ದುಷ್ಪರಿಣಾಮ ಯುರೋಪನ್ನೂ ಬಿಟ್ಟಿಲ್ಲ. ಫ್ರೆಂಚರು ಸಾವಿರವನ್ನು ಬೇರ್ಪಡಿಸಲು ಸಣ್ಣದೊಂದು ಖಾಲಿ ಜಾಗ ಬಿಡುತ್ತಾರೆ. ಯೂನಿಕೋಡ್ ಸಂಸ್ಥೆ ನಿರ್ವಹಿಸುವ ಲೊಕೇಲ್ ಭಂಡಾರ 2018ರಲ್ಲಿ ಆ ಜಾಗಕ್ಕೆ, ಸಾಲು ಮುರಿಯಲು ಬಿಡದ ಒಂದು ಕಿರು ಜಾಗವನ್ನು ಗೊತ್ತುಮಾಡಿತು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್ ಬೇಕು, ಒಂದು ಬೈಟಿನ ಮನೆಯಲ್ಲಿ ಅದು ಹಿಡಿಸುವುದಿಲ್ಲ. ಜಾವಾದ ಸಮಸ್ಯೆ ಬೇರೆ. ಕೀಲಿಮಣೆಯಲ್ಲಿ ಆ ಕಿರು ಜಾಗದ ಕೀಲಿ ಇಲ್ಲವಾದ್ದರಿಂದ ಜನ ಸಾಮಾನ್ಯ ಸ್ಪೇಸ್ ಒತ್ತಿ 1 234,56 ಎಂದು ಬರೆಯುತ್ತಾರೆ. ಫ್ರೆಂಚ್ ಲೊಕೇಲ್‌ನಲ್ಲಿ ಇದನ್ನು ಸಂಖ್ಯೆ ಎಂದು ಓದಿಸಿದರೆ ಜಾವಾ ಅಪರಿಚಿತ ಸ್ಪೇಸ್ ಕಂಡಲ್ಲಿಗೆ ನಿಲ್ಲಿಸಿ 1 ಎಂದು ಉತ್ತರ ಕೊಡುತ್ತದೆ. ದೋಷದ ಸೂಚನೆ ಏನೂ ಬರುವುದಿಲ್ಲ, ಎಲ್ಲಿಗೆ ನಿಂತೆ ಎಂದು ಪ್ರೋಗ್ರಾಮರೇ ಕೇಳಿ ತಿಳಿಯಬೇಕು.

ಇಷ್ಟೆಲ್ಲ ನೋಡಿದ ಮೇಲೆ ಜಾವಾಸ್ಕ್ರಿಪ್ಟ್‌ನವರು ಬರೆಯುವುದನ್ನು ಕೊಟ್ಟು ಓದುವುದನ್ನು ಕೊಡದೇ ಇದ್ದದ್ದು ಸೋಮಾರಿತನವಾಗಿ ನನಗೆ ಕಾಣುವುದಿಲ್ಲ. ಆದರೆ ಕೊಡದೇ ಇದ್ದಾಗ ಸಾವಿರಾರು ಪ್ರೋಗ್ರಾಮರುಗಳು ಮೇಲೆ ಹೇಳಿದ ಅಡ್ಡದಾರಿ ಹಿಡಿಯುತ್ತಾರೆ ಎಂಬುದೂ ನಿಜ. ಸಿ++ ಧೈರ್ಯ ಮಾಡಿ ಕೊಟ್ಟಿತು. ಅದರ ನಾಲ್ಕು ಮನೆಗಳು ಇಂದಿಗೆ ಇಕ್ಕಟ್ಟು. ಆದರೂ ಅತಿ ಸಣ್ಣ ನಾಣ್ಯದಲ್ಲಿ ಎಣಿಸು, ಹೊಂದದಿದ್ದರೆ ವಿಫಲ ಎಂದು ಹೇಳು ಎಂಬ ಅದರ ಎರಡು ಪಾಠಗಳನ್ನು ಯಾವ ಭಾಷೆಯವರಾದರೂ ಉಳಿಸಿಕೊಳ್ಳಬೇಕು.

ಹಣ ಓದುವ ಪ್ರೋಗ್ರಾಂ ಬರೆಯುತ್ತಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಣದ ಮಾಹಿತಿ ಕಳಿಸುವಾಗ ಅಲಂಕಾರವಿಲ್ಲದೆ, ಮೂರಕ್ಷರದ ಸಂಕೇತ ಮತ್ತು ಸಣ್ಣ ನಾಣ್ಯದ ಎಣಿಕೆ, ಇವೆರಡನ್ನೇ ಕಳಿಸಿ. ಮನುಷ್ಯರಿಂದ ಪಡೆಯುವಾಗ ಕರೆನ್ಸಿ ಯಾವುದೆಂದು ಬೇರೆಯಾಗಿ ಕೇಳಿ, ಮೊತ್ತವನ್ನು ಅವರು ಬರೆದಂತೆ ಬರೆಯಲು ಬಿಡಿ. ಓದಿದ ಮೇಲೆ ಹಣ ಹೊರಡುವ ಮುನ್ನ ನಿಮಗೆ ಏನು ಅರ್ಥವಾಯಿತು ಎಂದು ಅಕ್ಷರದಲ್ಲಿ ತೋರಿಸಿ: ಹನ್ನೆರಡು ದಿನಾರ್, ಐನೂರು ಫಿಲ್ಸ್. ಇದು ಬ್ಯಾಂಕುಗಳ ಹಳೆಯ ಪದ್ಧತಿ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ಹೊಂದಿಕೆಯಾಗದಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಇಂದಿಗೂ ಹೇಳುತ್ತದೆ.